ಬಿಟ್ಟುಹೋದವರ ಸಾಮಾನು

1977 ಜನವರಿ 9, ಕಬ್ವೆ

ಈ ಡೈರಿ ನನಗೆ ದಕ್ಕಿದ್ದು ಇವರ ಕೃಪೆಯಿಂದ. 1971ನೇ ಇಸವಿಯದು. ಜಾಂಬಿಯಾ ಬಿಟ್ಟು ಹೋಗುತ್ತಿದ್ದ ಯಾವನೋ ಇಂಗ್ಲಿಷಿನವನ ಮನೆ ಸಾಮಾನು ಮಾರಾಟಕ್ಕಿತ್ತಂತೆ, ಅಲ್ಲಿಂದ ತಂದರು. "ನೋಡೇ ರತ್ನಾ, ಒಂದು ಹಾಳೇನೂ ಬರ್ದಿಲ್ಲ, ಹೊಚ್ಚ ಹೊಸದು" ಎಂದು ಕೈಗಿಟ್ಟರು. ಹೊಚ್ಚ ಹೊಸದೇ. ಆರು ವರ್ಷ ಹಳೆಯದು, ಅಷ್ಟೇ. ಪುಸ್ತಕದ ಪ್ರಕಾರ ಇವತ್ತು ಶನಿವಾರ, ಕಿಟಕಿಯ ಆಚೆ ಭಾನುವಾರ. ಎರಡು ವರ್ಷದಿಂದ ಇಲ್ಲಿ ನನಗೆ ಯಾವ ವಾರವಾದರೂ ಒಂದೇ, ಆದ್ದರಿಂದ ಬರೆಯಲು ಅಡ್ಡಿಯಿಲ್ಲ.

ಇವರು ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಉಳಿದ ಹೊತ್ತಿನಲ್ಲಿ ಊರು ಬಿಡುವವರ ಮನೆಗಳನ್ನು ಖಾಲಿ ಮಾಡಿಸುತ್ತಾರೆ. ತಾಮ್ರದ ಬೆಲೆ ಬಿದ್ದ ಮೇಲೆ ಬಿಳಿಯರು ಸಾಲುಸಾಲಾಗಿ ಹೊರಡುತ್ತಿದ್ದಾರೆ, ನಮ್ಮ ಮನೆ ಸಾಲುಸಾಲಾಗಿ ತುಂಬುತ್ತಿದೆ. ಹಿತ್ತಲಲ್ಲಿ ಸ್ನಾನದ ತೊಟ್ಟಿಯೊಂದಿದೆ, ಅದರಲ್ಲಿ ಕೊತ್ತಂಬರಿ ಬೆಳೆದಿದ್ದೇನೆ. ಒಂದೇ ಕೈಯ ಕುರ್ಚಿಯಿದೆ. ಕೆಡವಿದ ಚರ್ಚಿನ ಬಾಗಿಲೊಂದು ಆರು ತಿಂಗಳಿಂದ ಗೋಡೆಗೊರಗಿ ನಿಂತಿದೆ. ಊರಿಗೆ ಹೋಗಿ ಮನೆ ಕಟ್ಟುವಾಗ ಬೇಕಾಗುತ್ತದಂತೆ.

"ಊರ ಹೆಸರೇ ಮುಳಬಾಗಿಲು. ಅಲ್ಲಿಗೆ ಇನ್ನೊಂದು ಬಾಗಿಲು ಹೊತ್ಕೊಂಡು ಹೋಗ್ತೀರಾ?" ಎಂದೆ.

"ತೇಗ ಕಣೇ ಇದು" ಎಂದು ಅದರ ಬೆನ್ನು ಸವರಿದರು. ನನ್ನ ಬೆನ್ನು ಹಿಡಿದುಕೊಂಡು ಮೂರು ದಿನವಾಯಿತು. ಅದನ್ನು ಯಾರೂ ಸವರಿಲ್ಲ.

ಜನವರಿ 16

ಈ ದೇಶದಲ್ಲಿ ಮಾವಿನ ಹಣ್ಣು ಸಂಕ್ರಾಂತಿಗೆ ಮುಗಿಯುತ್ತದೆ. ಬೀದಿಯ ಎರಡೂ ಬದಿ ಮಾವಿನ ಮರ. ಹಣ್ಣು ಬೀಳುತ್ತದೆ, ಮಕ್ಕಳು ತಿನ್ನುತ್ತಾರೆ, ಮಿಕ್ಕಿದ್ದು ಕೊಳೆಯುತ್ತದೆ. ದಲ್ಲಾಳಿಯಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರಿಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ನಮ್ಮಪ್ಪ ಇದನ್ನು ನೋಡಿದ್ದರೆ ರಸ್ತೆಯಲ್ಲೇ ಕುಸಿದು ಕೂರುತ್ತಿದ್ದರು.

ಪಕ್ಕದ ಮನೆಯಾಕೆಯ ಹೆಸರು ಮಿಸೆಸ್ ಚಂದಾ. ಹೆಸರು ಕೇಳಿ ನಮ್ಮ ಕಡೆಯವಳು ಎಂದುಕೊಂಡು ಬಂದ ಹೊಸದರಲ್ಲಿ ಕುಂಕುಮದ ಬಟ್ಟಲು ಹಿಡಿದು ಹೋಗಿದ್ದೆ. ಇಲ್ಲಿಯವಳೇ. ಆಸ್ಪತ್ರೆಯಲ್ಲಿ ನರ್ಸು. ಕುಂಕುಮವನ್ನೂ ಇಟ್ಟುಕೊಂಡಳು ಎನ್ನಿ. ಇವತ್ತು ಒಂದು ಬಕೆಟ್ ಮಾವಿನಕಾಯಿ ತಂದು, "ನಿನ್ನ ಆ ಖಾರದ್ದು ಮಾಡು" ಎಂದಳು. ಉಪ್ಪಿನಕಾಯಿ ಅಂದರೆ ಅವಳಿಗೆ 'ಆ ಖಾರದ್ದು'. ಎಣ್ಣೆ ಎಲ್ಲಿಂದ ತರಲಿ? ಅಂಗಡಿಯಲ್ಲಿ ಎಣ್ಣೆ ಕಂಡು ತಿಂಗಳಾಯಿತು. ನೀರುಪ್ಪಿನಕಾಯಿ ಹಾಕಿದೆ.

ಫೆಬ್ರವರಿ 5

ಇಂದು ಮೇಲುವಿಗೆ ಹೊಡೆದೆ.

ಅಲಮೇಲು, ನಮ್ಮ ಮಗಳು. ನಾಲ್ಕು ತುಂಬಿದೆ. ಹಟಕ್ಕೆ ಅವಳೊಬ್ಬಳೇ. ಹಿತ್ತಲಲ್ಲಿ ಕೂತು ಕಲ್ಲು ಜೋಡಿಸುತ್ತಿದ್ದಳು. ಊಟಕ್ಕೆ ಐದು ಸಲ ಕರೆದೆ. ತಲೆ ಎತ್ತಲಿಲ್ಲ. ಹೋಗಿ ಬೆನ್ನಿಗೆ ಬಿಟ್ಟೆ. ಬೆಚ್ಚಿಬಿದ್ದು ನನ್ನನ್ನೇ ನೋಡಿದಳು, ಆಕಾಶದಿಂದ ಯಾರೋ ಹೊಡೆದ ಹಾಗೆ. ನಟನೆಯಲ್ಲಿ ಅವಳ ಅಣ್ಣ ಪ್ರಸನ್ನನನ್ನು ಮೀರಿಸುತ್ತಾಳೆ. ಅವನಿಗೆ ಎಂಟು ವರ್ಷ, ಹಗಲೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಇವಳು ಯಾವುದರಲ್ಲೂ ಆಡುವುದಿಲ್ಲ. ಊರಲ್ಲಿದ್ದಾಗ ಅಮ್ಮ, ತಾತ, ಹಾಲು ಎನ್ನುತ್ತಿದ್ದವಳು ಇಲ್ಲಿಗೆ ಬಂದ ಮೇಲೆ ಅದನ್ನೂ ಬಿಟ್ಟಳು.

ಕಾರಣಗಳಿಗೇನೂ ಕೊರತೆಯಿಲ್ಲ. ಇವರ ಪ್ರಕಾರ ಮನೆಯಲ್ಲಿ ಕನ್ನಡ, ಅಜ್ಜಿಯಿಂದ ಕಲಿತ ತೆಲುಗು, ಶಾಲೆಯ ಇಂಗ್ಲಿಷು, ಬೀದಿಯ ಬೆಂಬಾ ಸೇರಿ ಮಗುವಿಗೆ ಗಲಿಬಿಲಿ. ಮುಳಬಾಗಿಲಿನಿಂದ ನಮ್ಮತ್ತೆ ಗುಂಡಮ್ಮನವರು ಮೈದುನನ ಕೈಲಿ ಕಾಗದ ಬರೆಸಿದ್ದಾರೆ: ಬಜೆ ತೇದು ಜೇನಿನಲ್ಲಿ ನಾಲಿಗೆಗೆ ಹಚ್ಚಬೇಕು, ತಾಯಿ ಸಿಡುಕುವುದು ಬಿಡಬೇಕು. ಬಜೆ ಇಲ್ಲಿ ಸಿಗುವುದಿಲ್ಲ. ಎರಡನೆಯದೂ ಸುಲಭವಲ್ಲ.

ಫೆಬ್ರವರಿ 20

ಮಿಸೆಸ್ ಎಲಿಸ್ ಎಂಬ ಮುದುಕಿಯ ಮನೆ ಖಾಲಿ ಮಾಡುವ ಮಹೋತ್ಸವಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಗಂಡ ರೈಲ್ವೆಯಲ್ಲಿದ್ದನಂತೆ, ಹೋದ ವರ್ಷ ತೀರಿಕೊಂಡ. ಮುದುಕಿ ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳೆ. ವರಾಂಡದಲ್ಲಿ ಸಾಮಾನೆಲ್ಲ ಹರಡಿತ್ತು: ಬಾಣಲೆ, ದಿಂಬು, ಮದುವೆಯ ಫೋಟೊ ತೆಗೆದಿಟ್ಟ ಖಾಲಿ ಚೌಕಟ್ಟು. ಹತ್ತಾರು ಜನ ಅವಳ ದಿಂಬುಗಳನ್ನು ಅಮುಕಿ ನೋಡುತ್ತಿದ್ದರು. ಅವಳು ಟೀ ಕುಡಿಯುತ್ತಾ ಕೂತಿದ್ದಳು.

ನಾನು ಮಾತ್ರ ಏನನ್ನೂ ಮುಟ್ಟಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಸವೆದದ್ದನ್ನು ತಂದು ದೇವರಿರುವ ಮನೆಯಲ್ಲಿ ಇಡುವುದು ನನ್ನ ಕೈಲಾಗದು. ಕೈ ಸೆರಗಿನೊಳಗೆ ಕಟ್ಟಿಕೊಂಡು ನಿಂತೆ. ಇವರಿಗೆ ಅಂಥ ಕಟ್ಟುಪಾಡು ಏನಿಲ್ಲ. ಆರು ಡ್ರಾಯರಿನ ಬೀರು ಕೊಂಡರು. ನಮ್ಮಲ್ಲಿ ಆರು ಡ್ರಾಯರಿಗಾಗುವಷ್ಟು ವಸ್ತುವಿಲ್ಲ ಎಂದೆ. "ತರೋಣ" ಎಂದರು.

ಫೆಬ್ರವರಿ 22

ಬೀರುವಿನ ಕೆಳಗಿನ ಡ್ರಾಯರಿನಲ್ಲಿ ಒಂದು ರಟ್ಟಿನ ಡಬ್ಬಿ. ಒಳಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಲೋಹದ ಪೆಟ್ಟಿಗೆ, ಹಲ್ಲಿನ ಚಕ್ರ, ಉದ್ದನೆಯ ವೈರು, ತುದಿಗೆ ಗುಂಡಿ. "ಟ್ರಾನ್ಸಿಸ್ಟರ್!" ಎಂದು ಪ್ರಸನ್ನ ಕುಣಿದ. ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರವಂತೆ.

ಇವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹಿಂದಿರುಗಿಸಲು ಹೋದರು. ಮುದುಕಿ ಡಬ್ಬಿ ಮುಚ್ಚಿ ವಾಪಸು ಇವರ ಕೈಗೇ ಇಟ್ಟಳಂತೆ. "ನಲವತ್ತು ವರ್ಷ ಆ ಮನುಷ್ಯ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ, ಇದನ್ನು ಹಾಕಿಕೊಂಡ ಮೇಲೂ. ನಿಮಗಾದರೂ ಉಪಯೋಗವಾಗಲಿ" ಎಂದಳಂತೆ. ಇವರು ಅದನ್ನು ಬಿಚ್ಚಿ ರೇಡಿಯೋ ಮಾಡುತ್ತಾರಂತೆ. ಮನೆಯಲ್ಲಿ ಈಗಾಗಲೇ ಮಾತಾಡದ ಮೂರು ರೇಡಿಯೋಗಳಿವೆ.

ಮಾರ್ಚ್ 6

ಬರೆಯಬೇಕೋ ಬೇಡವೋ ಗೊತ್ತಿಲ್ಲ.

ಮಧ್ಯಾಹ್ನ ಇವರು ಆ ಯಂತ್ರಕ್ಕೆ ಪೆನ್ ಟಾರ್ಚಿನ ಸೆಲ್ ಹಾಕಿ ಚಕ್ರ ತಿರುಗಿಸಿದರು. ಅದು ಕೀ ಎಂದು ಕಿರುಚಿಕೊಂಡಿತು. ಕಿವಿ ಸೀಳುವ ಕಿರುಚಾಟ. ಪ್ರಸನ್ನ ಕಿವಿ ಮುಚ್ಚಿಕೊಂಡ, ಹಿತ್ತಲಲ್ಲಿ ನಾಯಿ ಬೊಗಳಿತು, ನಾನು ಒಲೆಯ ಹತ್ತಿರದಿಂದ ಬೈದುಕೊಂಡು ಬಂದೆ. ಮೇಲು ಇವರ ಮಂಡಿಯ ಪಕ್ಕದಲ್ಲೇ, ಯಂತ್ರಕ್ಕೆ ಬೆನ್ನು ಮಾಡಿ ಕೂತು ಹುಣಿಸೆ ಬೀಜ ಜೋಡಿಸುತ್ತಿದ್ದಳು. ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

ಬಾಗಿಲಲ್ಲಿ ಮಿಸೆಸ್ ಚಂದಾ ನಿಂತಿದ್ದಳು, ಸಕ್ಕರೆ ಕೇಳಲು ಬಂದವಳು. ಅವಳು ನಮ್ಮನ್ನು ನೋಡಲಿಲ್ಲ, ಮಗುವನ್ನೇ ನೋಡುತ್ತಿದ್ದಳು. ಒಳಗೆ ಬಂದು ನನ್ನ ಅಡುಗೆಮನೆಯಿಂದ ಎರಡು ಮುಚ್ಚಳ ತೆಗೆದುಕೊಂಡು ಮೇಲುವಿನ ಬೆನ್ನ ಹಿಂದೆ ಕೂತು ಬಡಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲ ನನ್ನ ಹಲ್ಲು ಜುಮ್ಮೆಂದವು. ಮೇಲು ಹುಣಿಸೆ ಬೀಜವನ್ನು ಬೆಳಕಿಗೆ ಹಿಡಿದು ನೋಡಿದಳು.

"ಈ ಮಗು ಹಟಮಾರಿಯಲ್ಲ" ಎಂದಳು ಮಿಸೆಸ್ ಚಂದಾ.

ಮಾರ್ಚ್ 7

ಅನ್ನ, ಹುಳಿ. ಮಳೆ ಬಂತು.

ಮಾರ್ಚ್ 19

ಲುಸಾಕಾದ ದೊಡ್ಡ ಆಸ್ಪತ್ರೆಗೆ ಹೋಗಿಬಂದೆವು. ಚೀಟಿ ಬರೆಸಿದ್ದು, ದಿನ ಗೊತ್ತು ಮಾಡಿಸಿದ್ದು, ಬಸ್ಸಿನಲ್ಲಿ ಪಕ್ಕ ಕೂತು ಬಂದಿದ್ದು ಎಲ್ಲ ಮಿಸೆಸ್ ಚಂದಾ. ಅವಳಿಗೆ ಆವತ್ತು ರಜೆ. ನನಗಾಗಿ ಹಾಳುಮಾಡಿಕೊಂಡಳು.

ಪೋಲೆಂಡಿನ ಡಾಕ್ಟರು. ಗಂಟೆ ಬಾರಿಸಿ, ಯಂತ್ರ ಹಾಕಿ, ಅರ್ಧ ದಿನ ನೋಡಿದರು. ಇಲ್ಲಿಗೆ ಬಂದ ಹೊಸದರಲ್ಲಿ ಮಗು ಎಂಟು ದಿನ ಜ್ವರದಲ್ಲಿ ಬಿದ್ದಿತ್ತಲ್ಲ, ಅದರ ಕೆಲಸವಂತೆ. ಕಿವಿ ಪೂರಾ ಹೋಗಿಲ್ಲ, ಬಹಳ ಹೋಗಿದೆ. ಯಂತ್ರ ಹಾಕಿದರೆ ಕೇಳುತ್ತದೆ. ಆದರೆ ಯಂತ್ರ ಹೊರದೇಶದಿಂದ ಬರಬೇಕು, ಸರ್ಕಾರದ ಹತ್ತಿರ ವಿದೇಶಿ ಹಣವಿಲ್ಲ, ಹೆಸರು ಬರೆಸಿದರೆ ಎರಡು ವರ್ಷವಾಗಬಹುದು.

"ಎರಡು ವರ್ಷ ಕಾಯಬಾರದು. ಮಾತು ಕಲಿಯುವ ವಯಸ್ಸು ಇದೇ" ಎಂದೂ ಅವರೇ ಹೇಳಿದರು. ಕಾಯಬೇಕು, ಕಾಯಬಾರದು. ಬಹಳ ಉಪಕಾರವಾಯಿತು.

ಆಗ ಇವರು ಪ್ಯಾಂಟಿನ ಜೇಬಿನಿಂದ ಆ ರಟ್ಟಿನ ಡಬ್ಬಿ ತೆಗೆದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ, ಡಾಕ್ಟರ ಮೇಜಿನ ಮೇಲೆ, ಸತ್ತ ರೈಲ್ವೆಯವನ ಕಿವಿಯ ಯಂತ್ರ! ಡಾಕ್ಟರು ಕನ್ನಡಕ ಏರಿಸಿ, ತಿರುಗಿಸಿ, ತಮ್ಮ ಕಿವಿಗೇ ಇಟ್ಟುಕೊಂಡು ನೋಡಿದರು. "ಇದು ನಿಮಗೆ ಎಲ್ಲಿ ಸಿಕ್ಕಿತು? ನಾನು ತರಿಸಬೇಕೆಂದಿದ್ದಕ್ಕಿಂತ ಒಳ್ಳೆಯದು" ಎಂದರು.

ಇವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಂದಿಷ್ಟು ಹೆಮ್ಮೆ ಕಾಣುತ್ತಿತ್ತು, ನಾನು ಜೀವನಪೂರ್ತಿ ಆಡಿಕೊಳ್ಳುತ್ತಿದ್ದೆ. ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು. ಕನ್ನಡಕ ಚೆನ್ನಾಗೇ ಇತ್ತು.

ಮೇಲುವಿನ ಕಿವಿಗೆ ಮೇಣದಂಥದ್ದು ತುಂಬಿ ಅಚ್ಚು ತೆಗೆದಿದ್ದಾರೆ. ಮನೆಯಲ್ಲಿ ಗೋಡೆಗೆ ಪರದೆ, ನೆಲಕ್ಕೆ ಜಮಖಾನ ಇರಬೇಕಂತೆ. ಬರಿಗೋಡೆಯಾದರೆ ಸದ್ದು ಎದ್ದೆದ್ದು ಬಂದು ಯಂತ್ರದೊಳಗೆ ಎಲ್ಲ ಕಲಸಿಹೋಗುತ್ತದಂತೆ.

ಏಪ್ರಿಲ್ 23

ಅಚ್ಚು ಬಂತು, ಯಂತ್ರ ಹಾಕಿದೆವು. ಹಳೆಯ ಲಂಗದ ಬಟ್ಟೆಯಲ್ಲಿ ಎದೆಯ ಮೇಲೆ ಚೀಲ ಹೊಲಿದುಕೊಟ್ಟೆ. ಮಗು ಮೊದಲು ಕೇಳುವ ಶಬ್ದ ದೇವರ ನಾಮವಾಗಿರಲಿ ಎಂದು ದೀಪ ಹಚ್ಚಿ, ಗಂಟೆ ತೊಳೆದಿಟ್ಟು, ವಿಷ್ಣು ಸಹಸ್ರನಾಮಕ್ಕೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪ್ರಸನ್ನ ಕಕ್ಕಸಿನ ಸರಪಳಿ ಎಳೆದ.

ಮೇಲು ಹೌಹಾರಿ ನನ್ನ ಸೀರೆ ಹಿಡಿದುಕೊಂಡಳು. ಆಮೇಲೆ ಮೆಲ್ಲನೆ ಕಕ್ಕಸಿನ ಬಾಗಿಲಿಗೆ ಹೋಗಿ ನಿಂತಳು. ಅಣ್ಣ ಇನ್ನೊಂದು ಸಲ ಎಳೆದ. ಮೂರನೆಯದಕ್ಕೆ ಅವಳ ಮುಖ ಅರಳಿತು. ಸಾಯಂಕಾಲದವರೆಗೂ ಅದೇ ಸೇವೆ. ಸಹಸ್ರನಾಮ ಕಾಯುತ್ತಿದೆ.

ಅಡುಗೆಮನೆಯಲ್ಲಿ ನನ್ನ ಬಳೆ ಸದ್ದಾದಾಗ ಓಡಿಬಂದು ಕೈ ಹಿಡಿದು ಅಲ್ಲಾಡಿಸಿದಳು. ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು. ಅವಳಿಗೆ ಹೊಡೆದದ್ದು ಇದೇ ಕೈಯಲ್ಲಿ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಇವರಿಗೆ ಹೇಳಿದೆ.

ಜುಲೈ 17

ಈ ತಿಂಗಳಲ್ಲಿ ಮೂರು ಮನೆ ಮಾರಾಟಕ್ಕೆ ಹೋದೆ. ಹಳೇ ಸಾಮಾನು ಕೊಳ್ಳಲು ಅಲ್ಲ. ಅದು ಇವರ ಚಟ. ನಾನು ಹೋದದ್ದು ವೈದ್ಯರ ಸಲಹೆಯ ಮೇರೆಗೆ, ಪರದೆಗಾಗಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಕೊನೆಯ ಮನೆಯಲ್ಲಿ ಹಸಿರು ಮಖಮಲ್ಲಿನ ಪರದೆ ಇತ್ತು. ಮನೆಯೊಡತಿ ಸೂರ್ಯನ ಬಣ್ಣದ ತಲೆಗೂದಲಿನವಳು, "ಇದು ನನ್ನ ಅಜ್ಜಿಯದು" ಎಂದು ಬೆಲೆ ಏರಿಸಿದಳು. ಪರದೆಯನ್ನು ಬೆಳಕಿಗೆ ಹಿಡಿದು ಇಲಿ ಕಡಿದ ಮೂರು ತೂತು ತೋರಿಸಿ, "ಇವೂ ಅಜ್ಜಿಯವೇನಾ?" ಎಂದೆ. ಇಳಿಸಿದಳು. ಇವರು ಅಷ್ಟು ದೂರದಲ್ಲಿ ಒಂದು ಮುರಿದ ಟೈಪ್‌ರೈಟರ್ ನೋಡುತ್ತಾ ನಿಂತಿದ್ದರು. ಕೈ ಹಿಡಿದು ಎಳೆತಂದೆ.

ಮೇಲುವಿನ ಮೊದಲನೆಯ ಮಾತು ಬಂದದ್ದು ಮೊನ್ನೆ ಬುಧವಾರ, ಉಪ್ಪಿಟ್ಟಿನ ಮುಂದೆ. ಮೂರು ತಿಂಗಳು ಅವಳ ಎದೆಯ ಯಂತ್ರಕ್ಕೆ ಬಾಯಿಟ್ಟು ಅಮ್ಮ, ಅಮ್ಮ ಎಂದು ಹೇಳಿಕೊಟ್ಟಿದ್ದೆ. ತಟ್ಟೆ ದೂಡಿ "ಬೇಡ" ಎಂದಳು. ಮಿಸೆಸ್ ಚಂದಾಗೆ ಅರ್ಥ ಹೇಳಿದೆ. "ಹೆಣ್ಣಿಗೆ ಮೊದಲು ಬೇಕಾದ ಮಾತು ಅದೇ" ಎಂದು ನಕ್ಕಳು.

ಸೆಪ್ಟೆಂಬರ್ 25

ಡಿಸೆಂಬರಿಗೆ ಇವರ ಒಪ್ಪಂದ ಮುಗಿಯುತ್ತದೆ. ಮುಂದುವರಿಸುವುದಿಲ್ಲವೆಂದು ಕಾಗದ ಬಂತು. ಭಾಷೆ ಬಹಳ ನಯವಾಗಿದೆ. ಮೂರು ವರ್ಷದಿಂದ ಊರು, ಊರು ಎಂದು ಹಲುಬುತ್ತಿದ್ದವಳು ನಾನು. ಕಾಗದ ಓದಿ ಏನೂ ಅನ್ನಿಸಲಿಲ್ಲ. ಎದ್ದು ಹೋಗಿ ಕೊತ್ತಂಬರಿಗೆ ನೀರು ಹಾಕಿದೆ.

ಡಿಸೆಂಬರ್ 11

ಇವತ್ತು ನಮ್ಮ ಮನೆ ಖಾಲಿಯಾಯಿತು. ವಿಮಾನದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ಕಿಲೋ. ಇವರು ಚರ್ಚಿನ ಬಾಗಿಲನ್ನು ಮೂರು ಸಲ ಅಳೆದರು, ಪ್ರತಿ ಸಲವೂ ಅದೇ ಅಳತೆ ಬಂತು.

ಹೆಂಗಸರು ಬಂದು ನನ್ನ ದಿಂಬುಗಳನ್ನು ಅಮುಕಿ ನೋಡಿದರು. ಒಬ್ಬಳು ಇಡ್ಲಿ ತಟ್ಟೆಯನ್ನು ತಲೆಕೆಳಗು ಮಾಡಿ ಇದು ಮೊಟ್ಟೆ ಬೇಯಿಸುವುದೇ ಎಂದಳು. ಹೌದೆಂದೆ. ನಾನು ಟೀ ಕುಡಿಯುತ್ತಾ ಕೂತಿದ್ದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಬಾಗಿಲು ಮಿಸೆಸ್ ಚಂದಾ ತೆಗೆದುಕೊಂಡಳು. ಮನೆಯ ಹಿಂದೆ ಕೋಣೆ ಕಟ್ಟಿಸುತ್ತಾಳಂತೆ. ನಾನು ಹಣ ಮುಟ್ಟಲಿಲ್ಲ. ಅವಳು ಮೇಲುವಿನ ಎದುರು ಕುಕ್ಕರುಗಾಲಲ್ಲಿ ಕೂತು, ತನ್ನ ಹೆಸರನ್ನು ನಿಧಾನವಾಗಿ ಹೇಳಿದಳು. ಮೇಲು "ಚಂದ" ಎಂದಳು. ಇಲ್ಲಿ ಅದು ಹೆಸರು, ನಮ್ಮಲ್ಲಿ ಹೊಗಳಿಕೆ, ಎರಡೂ ಸರಿ. ಅವಳಿಗೆ ವಿವರಿಸಿ ಹೇಳೋಣವೆಂದರೆ ನನಗೆ ಇಂಗ್ಲಿಷು ಸಾಕಾಗಲಿಲ್ಲ.

ನನ್ನ ಇಪ್ಪತ್ತು ಕಿಲೋದಲ್ಲಿ ಒಂಬತ್ತು ಕಿಲೋ ಮಖಮಲ್ಲಿನ ಪರದೆ.

1978 ಜನವರಿ 15, ಮುಳಬಾಗಿಲು

ಫಾರಿನ್ನಿನಿಂದ ಬಂದವರನ್ನು ನೋಡಲು ಬೀದಿಯೆಲ್ಲ ಬಂದಿತ್ತು. ನಮ್ಮನ್ನಲ್ಲ, ಸೂಟ್‌ಕೇಸನ್ನು. ಟೇಪ್‌ರೆಕಾರ್ಡರ್, ಸೆಂಟು, ನೈಲಾನ್ ಸೀರೆ ಈಚೆ ಬರುತ್ತವೆಂದು ಕಾದು ಕೂತವರ ಎದುರಿಗೆ ಇಲಿ ಕಡಿದ ಪರದೆ ಬಂತು. ಓರಗಿತ್ತಿ ಭಾರತಮ್ಮ ಅದರ ಅಂಚು ಎತ್ತಿ ನೋಡಿ, "ಅಲ್ಲೀ ಜನ ಇದನ್ನ ಉಟ್ಕೋತಾರಾ ಅಕ್ಕ?" ಎಂದಳು.

ಅತ್ತೆಯವರು ಮೇಲುವಿನ ಎದೆಯ ಯಂತ್ರ ಮುಟ್ಟಿ, "ಏಮಿಟೇ ಇದಿ, ರೇಡಿಯೋನಾ?" ಎಂದರು. ಹೇಳಿದೆ. "ಮಗು ದೃಷ್ಟಿಗೆ ಬೀಳತ್ತೆ. ನಾಲ್ಕು ಜನ ಬಂದಾಗ ತೆಗೆದಿಡು" ಎಂದರು. "ನಾಲ್ಕು ಜನ ಬಂದಾಗ ನಿಮ್ಮ ಕನ್ನಡಕ ತೆಗೆದಿಡ್ತೀರಾ ಅತ್ತೆ?" ಎಂದೆ. ಮೂರು ವರ್ಷದ ನಂತರ ಸೊಸೆ ಮನೆಗೆ ಬಂದ ಸಂತೋಷ ಅಲ್ಲಿಗೆ ಮುಗಿಯಿತು.

ಮಾರ್ಚ್ 12

ಇವರಿಗೆ ಕೋಲಾರದ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ. ಊರಿಗೆ ಬಂದ ಮೇಲೆ ಹಳೇ ಸಾಮಾನಿನ ಅಂಗಡಿ ಕಡೆ ತಲೆ ಹಾಕಿ ಮಲಗಿಲ್ಲ. ಲೆಕ್ಚರರಿಗೆ ಅದು ಒಪ್ಪುವುದಿಲ್ಲವಂತೆ. ಪ್ರಸನ್ನ ಮೂರು ತಿಂಗಳಲ್ಲಿ ಕನ್ನಡದ ಬೈಗುಳ ಅಷ್ಟನ್ನೂ ಕಲಿತಿದ್ದಾನೆ. ಮೇಲು ಸುಮಾರು ನಲವತ್ತು ಮಾತಾಡುತ್ತಾಳೆ. ಯಾವುದಕ್ಕೂ ಬಾಲವಿಲ್ಲ, ಒಂದೆರಡು ಪದಕ್ಕೇ ಮುಗಿಯುತ್ತವೆ: 'ನೀರು', 'ಅಣ್ಣ ಹೊಡ್ದ', 'ಅಜ್ಜಿ ಬೇಡ'.

ಜೂನ್ 5

ಮೇಲುವನ್ನು ಶಾಲೆಗೆ ಸೇರಿಸಲು ಹೋದೆ. ನಮ್ಮ ಬೀದಿಯ ಕೊನೆಯಲ್ಲೇ ಇದೆ. ಹೆಡ್‌ಮೇಷ್ಟ್ರು ಶ್ರೀನಿವಾಸಪ್ಪ ಒಳ್ಳೆಯವರು. ಒಳ್ಳೆಯವರ ಹತ್ತಿರ ಇಲ್ಲ ಅನ್ನಿಸಿಕೊಳ್ಳುವುದು ಇನ್ನೂ ಕಷ್ಟ.

"ಬೆಂಗಳೂರಲ್ಲಿ ಇಂಥ ಮಕ್ಕಳಿಗೇ ಅಂತ ಸ್ಕೂಲಿದೆ ಕಣಮ್ಮ. ಹಾಸ್ಟೆಲೂ ಇದೆ. ಅಲ್ಲಿ ಬಿಟ್ಬಿಡಿ, ಕೈಸನ್ನೆ ಕಲ್ಸ್ತಾರೆ."

"ಇವಳು ಮಾತಾಡ್ತಾಳೆ ಸಾರ್. ಈಗ ತಾನೆ ಶುರು ಮಾಡಿದಾಳೆ. ಐದೂವರೆ ವರ್ಷದ ಮಗೂನ ಹಾಸ್ಟೆಲಲ್ಲಿ ಬಿಟ್ಟು ನಾನು ಇಲ್ಲಿ ಯಾರ ಹತ್ರ ಮಾತಾಡ್ಲಿ?"

"ನಮ್ಮದು ತಗಡಿನ ಕೊಠಡಿ, ಅರವತ್ತು ಮಕ್ಕಳು, ಪಕ್ಕದಲ್ಲೇ ಬಸ್ ರಸ್ತೆ. ನಮಗೇ ಏನೂ ಕೇಳ್ಸಲ್ಲ."

ಕೊನೆಗೆ ಒಂದು ತಿಂಗಳು ಕೂರಿಸಿ ನೋಡಲು ಒಪ್ಪಿದರು. ಪಾಠ ಹತ್ತಿದರೆ ಸರಿ, ಇಲ್ಲದಿದ್ದರೆ ಜುಲೈನಲ್ಲಿ ಬೆಂಗಳೂರು. ಸಂಜೆ ಹೇಳಿದಾಗ ಇವರೂ ತಲೆ ಆಡಿಸಿದರು.

ಜೂನ್ 14

ಹತ್ತಲಿಲ್ಲ. ಪ್ರತಿದಿನ ಹತ್ತೇ ನಿಮಿಷದಲ್ಲಿ ಯಂತ್ರ ಕಿತ್ತು ಮೇಜಿನ ಕೆಳಗೆ ಕೂರುತ್ತಾಳೆ. ಇಂದು ನಾನೇ ಹೋಗಿ ಕೊಠಡಿಯ ಹಿಂದೆ ಕೂತು, ಯಂತ್ರವನ್ನು ನನ್ನ ಕಿವಿಗಿಟ್ಟುಕೊಂಡೆ. ಅರವತ್ತು ಮಕ್ಕಳು ಮಗ್ಗಿ ಹೇಳುತ್ತಿದ್ದವು. ಅದು ತಗಡಿಗೆ ಬಡಿದು, ಗೋಡೆಗೆ ಬಡಿದು, ನನ್ನ ತಲೆಯೊಳಗೆ ಕಲ್ಲು ಸುರಿದ ಹಾಗೆ. ನಾನೂ ಮೇಜಿನ ಕೆಳಗೆ ಕೂರುತ್ತಿದ್ದೆ, ಸೀರೆ ಅಡ್ಡ ಬಂತು. ಟೀಚರ್ ಅಶ್ವತ್ಥಮ್ಮ ಪಾಪದವರು. "ನಾನು ಕೂಗಿ ಕೂಗಿ ಗಂಟಲು ಬಿದ್ಹೋಯ್ತಮ್ಮ" ಎಂದರು. ಕೂಗುವುದೇ ತೊಂದರೆ ಎಂದು ಹೇಗೆ ಹೇಳಲಿ?

ಮಖಮಲ್ಲಿನ ಪರದೆ ಒಂದು ಗೋಡೆಗೂ ಸಾಲದು. ಇಡೀ ಕೊಠಡಿಗೆ, ತಗಡಿನ ಅಡಿಗೂ ಬೇಕು.

ಜೂನ್ 18

ಟೇಕಲ್ಲಿನಲ್ಲಿ ಟೂರಿಂಗ್ ಟಾಕೀಸು ಎತ್ತಿಬಿಟ್ಟರು ಎಂದು ಹಾಲಿನವಳು ಬೈರಮ್ಮ ಹೇಳಿದಳು. ಅವಳ ತವರು ಅದು. ಭಾನುವಾರದ ಬಸ್ಸಿಗೆ ಇವರನ್ನು ಹೊರಡಿಸಿದೆ. ಮಾಲೂರಿನಲ್ಲಿ ಬಸ್ಸು ಬದಲಾಯಿಸುವವರೆಗೂ ಒಂದೇ ರಾಗ.

"ಹರಕಲು ಡೇರೆ ಕಣೇ ಅದು. ಲೆಕ್ಚರರ್ ಹೆಂಡ್ತಿ ಡೇರೆ ಹೊತ್ಕೊಂಡು ಬಂದ್ಲು ಅಂದ್ರೆ ಊರಲ್ಲಿ ಏನಂತಾರೆ?"

"ನೀವು ಹೊತ್ಕೊಳ್ಳಿ. ಲೆಕ್ಚರರೇ ಹೊತ್ಕೊಂಡ್ರು ಅಂತಾರೆ."

ಮಾಲೀಕರು ಚನ್ನರಾಯಪ್ಪ. ಸಿನಿಮಾ ಬಿಟ್ಟು ಹಿಪ್ಪುನೇರಳೆ ಹಾಕಿದ್ದಾರೆ. "ಹುಳ ಸೋಡಾ ಬಾಟ್ಲಿ ಎಸ್ಯಲ್ಲ ನೋಡಿ" ಎಂದರು. ಡೇರೆಯ ದಪ್ಪ ಬಟ್ಟೆ ಕಣದಲ್ಲಿ ರಾಶಿ ಬಿದ್ದಿತ್ತು. ಬೀಡಿ ವಾಸನೆ, ಕಡಲೆಕಾಯಿ ಸಿಪ್ಪೆ, ಅಲ್ಲಲ್ಲಿ ತೂತು. ಮಡಿಕೆ ಬಿಚ್ಚಿಸಿ, ಉಜ್ಜಿ, ಎಳೆದು, ಹರಿಯುತ್ತದೋ ನೋಡಿದೆ.

"ಏನಕ್ಕಮ್ಮಾ ಇದು, ಮದ್ವೆ ಚಪ್ಪರಕ್ಕಾ?"

"ಮಗಳ ಕಿವಿಗೆ" ಎಂದೆ. ಎಲ್ಲ ಹೇಳಬೇಕಾಯಿತು. ಅವರು ಕೇಳಿಕೊಂಡು, ತಲೆ ಕೆರೆದುಕೊಂಡು, ಒಳಗಿನಿಂದ ಇಪ್ಪತ್ತು ಗೋಣಿಚೀಲವನ್ನೂ ತಂದು ಹಾಕಿದರು. "ಬಟ್ಟೆ ಮಧ್ಯೆ ಇದ್ನ ಸೇರ್ಸಿ ಹೊಲೀರಿ. ಹಿಂದ್ಗಡೆ ಪರದೆಗೆ ನಾವು ಹಂಗೇ ಮಾಡಿದ್ದು. ಇಲ್ದಿದ್ರೆ ಡೈಲಾಗೆಲ್ಲ ಬಯಲಿಗೆ ಹೋಗಿ ಟಿಕೆಟ್ ಇಲ್ದೋರಿಗೂ ಕೇಳಿಸ್ತಿತ್ತು." ಪೋಲೆಂಡಿನ ಡಾಕ್ಟರು ಹೇಳಿದ್ದನ್ನೇ ಚನ್ನರಾಯಪ್ಪ ಇನ್ನೂ ಸರಿಯಾಗಿ ಹೇಳಿದರು.

ಬಸ್ಸಿನ ಟಾಪಿಗೆ ಇವರೇ ಹೊತ್ತು ಹಾಕಿದರು. ಮುಖ ಅತ್ತ ತಿರುಗಿಸಿಕೊಂಡು.

ಜೂನ್ 21

ಮೂರು ದಿನದಿಂದ ಜಗಲಿಯಲ್ಲಿ ಕೂತು ದಬ್ಬಳ ಹಿಡಿದು ಹೊಲಿಯುತ್ತಿದ್ದೇನೆ. ಬೆರಳೆಲ್ಲ ತೂತು. ನೋಡುವವರು ನೋಡಲಿ ಎಂದೇ ಜಗಲಿ. ಮೊದಲ ದಿನ ಅತ್ತೆಯವರು ಬಾಗಿಲು ಹಾಕಿಕೊಂಡು ಒಳಗಿದ್ದರು. ಎರಡನೇ ದಿನ ಹೊಸಿಲಿಗೆ ಬಂದರು. ಇಂದು ಬಂದು, "ಆ ಹೊಲಿಗೆ ನಿಲ್ಲುತ್ತೇನೇ? ಇಲ್ಲಿ ಕೊಡು" ಎಂದು ದಬ್ಬಳ ಕಿತ್ತುಕೊಂಡರು. ನಾನು ಮೂರು ದಿನ ಹೊಲಿದದ್ದನ್ನು ಬಿಚ್ಚಿ ಸಂಜೆಯೊಳಗೆ ಮತ್ತೆ ಹೊಲಿದರು. ಉದ್ದಕ್ಕೂ ನನ್ನ ತಾಯಿ ನನಗೆ ಏನೇನು ಕಲಿಸಲಿಲ್ಲವೆಂದು ಹೇಳಿದರು. ಪಟ್ಟಿ ದೊಡ್ಡದು, ಡೇರೆಯೂ ದೊಡ್ಡದು, ಎರಡೂ ಒಟ್ಟಿಗೆ ಮುಗಿದವು.

ಜೂನ್ 25

ಭಾನುವಾರ ಶಾಲೆಗೆ ರಜೆ ಇದ್ದಾಗ ತಗಡಿನ ಅಡಿಗೆ, ಮೂರು ಗೋಡೆಗೆ ಕಟ್ಟಿದೆವು. ಮಖಮಲ್ಲು ರಸ್ತೆಯ ಕಡೆಯ ಕಿಟಕಿಗೆ. ಇವರು ಏಣಿಯ ಮೇಲೆ, ಅಂಗಿ ಬಿಚ್ಚಿ, ಮೊಳೆ ಬಾಯಲ್ಲಿ ಕಚ್ಚಿಕೊಂಡು. ಬಹಳ ದಿನಗಳ ಮೇಲೆ ಮನುಷ್ಯರ ಹಾಗೆ ಕಂಡರು. ಹೆಡ್‌ಮೇಷ್ಟ್ರು ಬಂದು, ಕೊಠಡಿಯ ಮಧ್ಯೆ ನಿಂತು ಒಂದು ಸಲ ಕೆಮ್ಮಿದರು. ಕೆಮ್ಮು ಅಲ್ಲಿಗೇ ನಿಂತಿತು. "ಅಲಲಲಾ" ಎಂದು ಮತ್ತೆ ಕೆಮ್ಮಿದರು. ಹೋಗುವಾಗ, "ನನ್ನ ಆಫೀಸಿಗೂ ಒಂಚೂರು ಮಿಗುತ್ತೇನಮ್ಮ?" ಎಂದರು.

ಜುಲೈ 8

ಅವಧಿ ಮೊನ್ನೆಯೇ ಮುಗಿದಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಂದು ಶನಿವಾರ, ಅರ್ಧ ದಿನ. ಕರೆದುಕೊಂಡು ಬರಲು ಹೋದರೆ ಅಶ್ವತ್ಥಮ್ಮ ಟೀಚರ್ ಮುಖ ಗಂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಬೆಂಗಳೂರು ಎಂದುಕೊಂಡೆ.

"ನೋಡಮ್ಮ, ಹೇಳಬಾರದು ಅಂದ್ಕೊಂಡಿದ್ದೆ. ನಿಮ್ಮ ಮಗಳು ಪಾಠದ ಮಧ್ಯೆ ಒಂದೇ ಸಮ ಮಾತಾಡ್ತಾಳೆ. ಪಕ್ಕದ ಹುಡುಗೀರ್ನೂ ಕೆಡಿಸ್ತಾಳೆ. ನಾನು ಒಂದು ಹೇಳಿದ್ರೆ ಹತ್ತು ಕೇಳ್ತಾಳೆ. ಮನೇಲಿ ಸ್ವಲ್ಪ ಬುದ್ಧಿ ಹೇಳಿ."

"ಏನಂದ್ರಿ?" ಎಂದೆ.

ಅವರು ಇನ್ನೊಂದು ಸಲ ಹೇಳಿದರು, ಜೋರಾಗಿ, ನನಗೂ ಕಿವಿ ಮಂದವೆಂದು ತಿಳಿದು. ಮೂರನೆಯ ಸಲ ಕೇಳಲು ನಾಚಿಕೆಯಾಯಿತು. ಅವರ ಎರಡೂ ಕೈ ಹಿಡಿದುಕೊಂಡೆ. ಪಾಪ, ಬಿಡಿಸಿಕೊಳ್ಳಲು ನೋಡಿದರು.

ಬುದ್ಧಿ ಹೇಳಬೇಕೆಂದಿದ್ದರಲ್ಲ, ಮನೆಗೆ ಬಂದು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡೆ. ಅತ್ತೆಯವರು ಕಂಬಕ್ಕೊರಗಿ ಕೂತು ಕೇಳುತ್ತಿದ್ದರು. ಟೀಚರ್ ಎಂದರೆ ದೇವರ ಸಮಾನ, ಪಾಠದ ನಡುವೆ ಬಾಯಿ ತೆಗೆಯಬಾರದು, ಹೆಣ್ಣುಮಗು ಹೀಗೆ ವಟಗುಟ್ಟಬಾರದು ಎಂದೆಲ್ಲ ಶುರು ಮಾಡಿದೆ. ಮೇಲು ಬಹಳ ವಿಧೇಯಳಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಹೆಬ್ಬೆರಳು ಎದೆಯ ಚೀಲದೊಳಗೆ ಇಳಿಯಿತು. ಟಿಕ್ ಎಂದು ಚಕ್ರ ತಿರುಗಿ ಯಂತ್ರ ನಿಂತದ್ದು ನನಗೆ ಕೇಳಿಸಿತು. ಅತ್ತೆಯವರಿಗೂ ಕೇಳಿಸಿತು, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ನಾನು ಗೊತ್ತಾಗದವಳ ಹಾಗೆ ಇನ್ನೂ ಐದು ನಿಮಿಷ ಬೈದೆ.